ಹಳೆಯ ಸ್ಪೋರ್ಟ್ಸ್ ಕಾರು: ಕೊಳ್ಳುವ ಮುಂಚೆಯೇ ಮಾರುವ ಲೆಕ್ಕ ಹಾಕಿ

ಸೆಕೆಂಡ್ ಹ್ಯಾಂಡ್ ಪೋರ್ಷೆಯೋ, ಆಡಿ ಆರ್8 ಕಾರೋ ಕೊಳ್ಳಲು ಹೊರಟವರು ಫೋನ್ ಮಾಡಿ ಕೇಳುವುದು ಒಂದೇ ಮಾತು: ‘ಎಷ್ಟಕ್ಕೆ ಸಿಕ್ಕಿದ್ರೆ ತಗೋಬಹುದು?’ ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕೂ ಮುಂಚೆ ಇನ್ನೊಂದು ಕೇಳಬೇಕು. ಮೂರು ವರ್ಷ ಬಿಟ್ಟು ಇದು ಎಷ್ಟಕ್ಕೆ ಹೋಗುತ್ತೆ? ಆಗ ಯಾರು ತಗೊಳ್ತಾರೆ?

ಸ್ವಿಫ್ಟ್ ಮಾರಲು ಹಾಕಿದರೆ ಸಂಜೆಯೊಳಗೆ ಹತ್ತು ಫೋನ್ ಬರುತ್ತದೆ. ಇಂಥ ಕಾರಿಗೆ ಇಡೀ ಬೆಂಗಳೂರಲ್ಲಿ ಗಿರಾಕಿಗಳು ಬೆರಳೆಣಿಕೆಯಷ್ಟು. ಅವರಿಗೂ ಅವಸರ ಇರುವುದಿಲ್ಲ. ಅವಸರ ಇರುವುದು ಮಾರುವವರಿಗೆ. ಕೈ ಸುಟ್ಟುಕೊಳ್ಳುವುದು ಇಲ್ಲೇ. ಭಾನುವಾರ ಬೆಳಿಗ್ಗೆ ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟದ ಕಡೆ ಹೋಗುವ ಪೋರ್ಷೆ 911ರ ಸದ್ದು ಕೇಳಿದರೆ ನನಗೂ ಆಸೆಯಾಗುತ್ತದೆ. ಆ ಆಸೆ ಇಟ್ಟುಕೊಂಡೇ ಲೆಕ್ಕ ಹಾಕೋಣ.

ಹೆಜ್ಜೆ 1: ಹೊಸ ಕಾರಿನ ಬೆಲೆ ಬಿಡಿಸಿ ನೋಡಿ

ಬೆಲೆ ಎಷ್ಟು ಇಳಿಯುತ್ತದೆ ಎಂದು ತಿಳಿಯಬೇಕಾದರೆ ಅದು ಅಷ್ಟು ಮೇಲೆ ಹೋಗಿದ್ದು ಹೇಗೆ ಎಂದು ಗೊತ್ತಿರಬೇಕು. ಹಡಗಿನಲ್ಲಿ ಭಾರತಕ್ಕೆ ಬಂದಿಳಿದಾಗ ಒಂದು ಕಾರಿನ ಬೆಲೆ 1 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. 40 ಸಾವಿರ ಡಾಲರ್‌ಗಿಂತ ದುಬಾರಿಯಾದ, ಪೂರ್ತಿ ತಯಾರಾಗಿಯೇ ಬರುವ ಕಾರಿಗೆ ಆಮದು ಸುಂಕ ಎಲ್ಲ ಸೇರಿ 110 ಪರ್ಸೆಂಟ್ ಇತ್ತು. ಅಲ್ಲಿಗೆ 2.1 ಕೋಟಿ ಆಯಿತು. ಅದರ ಮೇಲೆ ಜಿಎಸ್‌ಟಿ 28, ಸೆಸ್ 20, ಒಟ್ಟು 48 ಪರ್ಸೆಂಟ್. ಡೀಲರ್ ಲಾಭ ಸೇರುವ ಮುಂಚೆಯೇ ಬೆಲೆ 3.1 ಕೋಟಿ ದಾಟಿತು.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಒಟ್ಟಾರೆ 40 ಪರ್ಸೆಂಟ್ ಆಯಿತು, ಸೆಸ್ ಹೋಯಿತು. ಅದೇ ಕಾರು ಈಗ 2.94 ಕೋಟಿ. ಅಂದರೆ ಸೆಪ್ಟೆಂಬರ್ 21ರಂದು ಮನೆಯ ಮುಂದೆ ಸುಮ್ನೆ ನಿಂತಿದ್ದ ಕಾರಿನ ಬೆಲೆಯೂ ಮರುದಿನ ಇಳಿಯಿತು. ಹೊಸದರ ಬೆಲೆ ಇಳಿದರೆ ಹಳೆಯದರ ಬೆಲೆಯೂ ಅದರ ಹಿಂದೆಯೇ ಇಳಿಯುತ್ತದೆ.

ಇದು ಇಲ್ಲಿಗೇ ನಿಲ್ಲುವುದಿಲ್ಲ. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಆದ ವ್ಯಾಪಾರ ಒಪ್ಪಂದದಲ್ಲಿ, ಗೊತ್ತುಪಡಿಸಿದ ಸಂಖ್ಯೆಯ ಕಾರುಗಳಿಗೆ ಸುಂಕವನ್ನು ವರ್ಷ ವರ್ಷ ಇಳಿಸುತ್ತಾ 10 ಪರ್ಸೆಂಟ್‌ಗೆ ತರುವ ಮಾತಿದೆ. ಹಾಗಾಗಿ ಬ್ರಿಟನ್ನಿನಿಂದಲೇ ಬರುವ ಆಸ್ಟನ್ ಮಾರ್ಟಿನ್, ಮೆಕ್‌ಲಾರೆನ್ ಒಂದೆರಡು ವರ್ಷ ಹಳೆಯದಾಗಿದ್ದರೆ, ಅದಕ್ಕೆ ಹೊಸದರ ಹತ್ತಿರ ಹತ್ತಿರ ಬೆಲೆ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ಸುಂಕ ಇಳಿಯುವ ನಷ್ಟ ಪೂರ್ತಿ ನಿಮ್ಮ ತಲೆಯ ಮೇಲೆ ಬರುತ್ತದೆ.

ಇನ್ನು ರಸ್ತೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಆಜೀವ ತೆರಿಗೆ 18 ಪರ್ಸೆಂಟ್, ಅದರ ಮೇಲೆ ಸೆಸ್. ಕೈಲೆಕ್ಕಕ್ಕೆ 20 ಪರ್ಸೆಂಟ್ ಅನ್ನಿ. 3 ಕೋಟಿಯ ಕಾರಿಗೆ 60 ಲಕ್ಷ. ಮೊದಲ ಮಾಲೀಕರ ಮನಸ್ಸಿನಲ್ಲಿ ಕಾರಿನ ಬೆಲೆ 3.6 ಕೋಟಿ. ಕೊಳ್ಳುವವರು ಲೆಕ್ಕ ಶುರು ಮಾಡುವುದು 3 ಕೋಟಿಯಿಂದ. ‘ಆನ್ ರೋಡ್ ಇಷ್ಟು ಕೊಟ್ಟಿದ್ದೇನೆ’ ಎಂದು ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಿ, ಆದರೆ ನಿಮ್ಮ ಲೆಕ್ಕ ಅಲ್ಲಿಂದ ಶುರುವಾಗಬಾರದು.

ಹೆಜ್ಜೆ 2: ಇಳಿಜಾರಿನಲ್ಲಿ ಕಾರು ಎಲ್ಲಿದೆ?

ಬೆಲೆ ಒಂದೇ ಸಮನೆ ಇಳಿಯುವುದಿಲ್ಲ. ಮೊದಲ ಮೂರು ನಾಲ್ಕು ವರ್ಷ ಜೋರಾಗಿ ಬೀಳುತ್ತದೆ. ವಾರಂಟಿ ಮುಗಿದ ದಿನ ಇನ್ನೊಂದು ಮೆಟ್ಟಿಲು ಕೆಳಗೆ. ಅದೇ ಕಂಪನಿ ಹೊಸ ಮಾಡೆಲ್ ತಂದರೆ ಮತ್ತೊಂದು. ಮೆಕ್‌ಲಾರೆನ್ 12ಸಿ ಮಾರುಕಟ್ಟೆಗೆ ಬಂದಿದ್ದು 2011ರಲ್ಲಿ. 2014ರಲ್ಲೇ 650ಎಸ್ ಬಂತು. ಹಣ ಸುರಿದು 12ಸಿ ಕೊಂಡವರ ಕಾರು ಮೂರೇ ವರ್ಷಕ್ಕೆ ‘ಹಳೇ ಮಾಡೆಲ್’ ಆಯಿತು.

ಎಂಟು ಹತ್ತು ವರ್ಷದ ಹೊತ್ತಿಗೆ ಇಳಿಜಾರು ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಬೀಳಬೇಕಾದ್ದು ಬಿದ್ದಿರುತ್ತದೆ. ನೀವು ಹುಡುಕಬೇಕಾದ್ದು ಈ ಜಾಗದಲ್ಲಿರುವ ಕಾರನ್ನು. ಬೇರೆ ಯಾರೋ ಆಗಲೇ ನಷ್ಟ ಹೊತ್ತಿರುವ ಕಾರು ಅದು.

ಕೆಲವು ಕಾರುಗಳು ಇಲ್ಲಿಂದ ಮೇಲಕ್ಕೂ ಏರಿವೆ. ಫೆರಾರಿ 458 ಒಂದು ಉದಾಹರಣೆ. ಟರ್ಬೊ ಇಲ್ಲದ ವಿ8 ಎಂಜಿನ್ ಅನ್ನು ನಡುವೆ ಇಟ್ಟು ಫೆರಾರಿ ಮಾಡಿದ ಸಾಲಿನಲ್ಲಿ ಇದೇ ಕೊನೆಯದು. 2015ರಲ್ಲಿ ಬಂದ 488ಕ್ಕೆ ಟರ್ಬೊ ಸೇರಿತು. ಅದಕ್ಕೂ ಹಿಂದಿನ 360, ಎಫ್430 ಕಾರುಗಳಲ್ಲಿ ಕೈಯಿಂದ ಗೇರ್ ಹಾಕುವ ಮಾಡೆಲ್‌ಗೆ ಹೊರದೇಶಗಳಲ್ಲಿ ತುಂಬಾ ಜಾಸ್ತಿ ಬೆಲೆ. ಹೊಸದಾಗಿದ್ದಾಗ ಹೆಚ್ಚು ಜನ ಕೊಂಡಿದ್ದು ಸ್ಟೀರಿಂಗ್ ಹಿಂದಿನ ಪ್ಯಾಡಲ್ ಒತ್ತಿ ಗೇರ್ ಹಾಕುವುದನ್ನು. ಕೈಗೇರಿನವು ಕಡಿಮೆ ಉಳಿದವು, ಬೆಲೆ ಏರಿತು. ಪೋರ್ಷೆಯ ಜಿಟಿ3 ಕೂಡ ಬೆಲೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಇಷ್ಟು ಕೇಳಿ, ‘ಹೂಡಿಕೆ’ ಎಂದುಕೊಂಡು ಸಾಲ ಮಾಡಿ ಕೊಳ್ಳಬೇಡಿ. ಮೇಲೇರುವ ಕಾರು ನೂರಕ್ಕೆ ಒಂದೆರಡು.

ಒಂದು ಸಣ್ಣ ಲೆಕ್ಕ ನೋಡಿ. 1.2 ಕೋಟಿಗೆ ಕೊಂಡ ಕಾರು ಮೂರು ವರ್ಷದ ಮೇಲೆ 75 ಲಕ್ಷಕ್ಕೆ ಹೋದರೆ ನಷ್ಟ 45 ಲಕ್ಷ. 1.35 ಕೋಟಿ ಕೊಟ್ಟು ಕೊಂಡ ಇನ್ನೊಂದು 1.2 ಕೋಟಿಗೆ ಹೋದರೆ ನಷ್ಟ 15 ಲಕ್ಷ. ದುಬಾರಿ ಕಾರೇ ಅಗ್ಗವಾಯಿತು, ಅಲ್ವಾ?

ಹೆಜ್ಜೆ 3: ಮಾಡೆಲ್ ಮಾತ್ರ ಅಲ್ಲ, ಯಾವ ವರ್ಷದ್ದು ನೋಡಿ

ಒಂದೇ ಹೆಸರಿನ ಕಾರಿನಲ್ಲೂ ಒಂದು ವರ್ಷ ಆಚೀಚೆಯಾದರೆ ಬೆಲೆ ಬದಲಾಗುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್, 911ಗಳಲ್ಲಿ 2008ರವರೆಗಿನ ಎಂಜಿನ್‌ಗಳಿಗೆ ಐಎಂಎಸ್ ಬೇರಿಂಗ್ ಎಂಬ ಸಣ್ಣ ಭಾಗದ ಕಾಟ ಇದೆ. ಎಲ್ಲ ಕಾರಿನಲ್ಲೂ ಅದು ಕೆಡುವುದಿಲ್ಲ. ಕೆಟ್ಟರೆ ಎಂಜಿನ್ನನ್ನೇ ತಿನ್ನುತ್ತದೆ. 2009ರ ಮಾಡೆಲ್‌ಗೆ ಬಂದ ಹೊಸ ಎಂಜಿನ್‌ನಲ್ಲಿ ಆ ಬೇರಿಂಗೇ ಇಲ್ಲ. ಆಗಿನ 911 ಟರ್ಬೊ, ಜಿಟಿ3ಗಳ ಎಂಜಿನ್ ಬೇರೆಯದು, ಅವಕ್ಕೂ ಈ ತೊಂದರೆ ಇಲ್ಲ. ಈ ವಿಷಯ ಮುಂದೆ ನಿಮ್ಮಿಂದ ಕೊಳ್ಳುವವರಿಗೂ ಗೊತ್ತಿರುತ್ತದೆ.

ಆಡಿ ಆರ್8 ಮೊದಲ ತಲೆಮಾರಿನಲ್ಲಿ ಆರ್ ಟ್ರಾನಿಕ್ ಗೇರ್‌ಬಾಕ್ಸ್ ಇತ್ತು. ಒಂದೇ ಕ್ಲಚ್, ಅದನ್ನು ಒತ್ತುವುದು ಯಂತ್ರ. ನಮ್ಮ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಇಂಚಿಂಚೇ ಉರುಳಿಸಿದರೆ ಆ ಕ್ಲಚ್ ಬೇಗ ಸವೆಯುತ್ತದೆ. ಲ್ಯಾಂಬೊರ್ಗಿನಿ ಗಲಾರ್ಡೊದ ಇ-ಗೇರ್ ಕಥೆಯೂ ಇದೇ. ಕ್ಲಚ್ ಎಷ್ಟು ಪರ್ಸೆಂಟ್ ಸವೆದಿದೆ ಎಂದು ಸ್ಕ್ಯಾನರ್ ಹಾಕಿ ನೋಡಬಹುದು. ಆ ಅಂಕಿ ನೋಡದೆ ಬೆಲೆ ಮಾತಾಡಬೇಡಿ. ಆರ್8ರ ಫೇಸ್‌ಲಿಫ್ಟ್ (ಅದೇ ಮಾಡೆಲ್‌ಗೆ ಮಾಡುವ ಸಣ್ಣ ಬದಲಾವಣೆ) ನಂತರ ಎರಡು ಕ್ಲಚ್ ಇರುವ ಎಸ್ ಟ್ರಾನಿಕ್ ಗೇರ್‌ಬಾಕ್ಸ್ ಬಂತು. ನಾನಾದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ಹುಡುಕುತ್ತೇನೆ.

ಬೆಂಗಳೂರಿನಲ್ಲಿ ಇಟ್ಟುಕೊಳ್ಳುವ ಕಾರಾದರೆ ಇನ್ನೊಂದು ನೋಡಿ: ಫ್ರಂಟ್ ಲಿಫ್ಟ್. ಬಟನ್ ಒತ್ತಿದರೆ ಮೂತಿ ಮೇಲೇಳುತ್ತದೆ, ಹಂಪ್ ಮೇಲೆ ಹೊಟ್ಟೆ ಉಜ್ಜುವುದಿಲ್ಲ. ಇದಿರುವ ಕಾರು ಇಲ್ಲಿ ಬೇಗ ಮಾರಿಹೋಗುತ್ತದೆ.

ಹೆಜ್ಜೆ 4: ಕಾಗದ ಪತ್ರ

ಕಾರು ನೋಡಲು ಹೋಗುವ ಮುಂಚೆ ಆರ್‌ಸಿ ಫೋಟೊ ತರಿಸಿಕೊಳ್ಳಿ. ನಂಬರ್ ಪ್ಲೇಟ್ ಯಾವ ರಾಜ್ಯದ್ದು? ತೆರಿಗೆ ಕಡಿಮೆ ಎಂದು ಪುದುಚೇರಿಯಲ್ಲೋ ಬೇರೆಲ್ಲೋ ನೋಂದಣಿ ಮಾಡಿಸಿ ಇಲ್ಲಿ ಓಡಿಸುವವರು ಬಹಳ ಜನ. 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಓಡಾಡುತ್ತಿದ್ದ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿ ಎಸ್ಎಫ್90ಕ್ಕೆ ಸಾರಿಗೆ ಇಲಾಖೆ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡಿತು. ಅಗ್ಗಕ್ಕೆ ಸಿಕ್ಕ ಹೊರರಾಜ್ಯದ ಕಾರಿನ ಬೆಲೆಗೆ ಇಲ್ಲಿನ ತೆರಿಗೆ ಸೇರಿಸಿಯೇ ಹೋಲಿಸಬೇಕು. ಕಾರು ಹಳೆಯದಾದಷ್ಟೂ ತೆರಿಗೆ ಕಡಿಮೆ ಬೀಳುತ್ತದೆ. ಎಷ್ಟೆಂದು ಆರ್‌ಟಿಒ ಕಚೇರಿಯಲ್ಲೇ ಕೇಳಿ. ಬ್ರೋಕರ್ ಬಾಯಿಮಾತು ಸಾಲದು.

ಆಮದಾದ ಕಾರಿಗೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಕೇಳಿ. ಸುಂಕ ಕಟ್ಟಿ ಒಳಗೆ ಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ, ಭೂತಾನ್ ದಾರಿಯಲ್ಲಿ ಕಳ್ಳಸಾಗಣೆಯಾಗಿ ಬಂದವು ಎಂಬ ಆರೋಪದ ಮೇಲೆ ಕಸ್ಟಮ್ಸ್‌ನವರು ಹಲವು ಕಾರುಗಳನ್ನು ಹಿಡಿದರು. ಹಣ ಕೊಟ್ಟು ಕೊಂಡವರ ಮನೆಯ ಮುಂದಿನಿಂದಲೇ ಕಾರು ಹೋದವು.

ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ಬೇರೆ ರಾಜ್ಯದ್ದಾದರೆ ಫಾರಂ 28, ಹೆಸರು ಬದಲಿಸಲು ಫಾರಂ 29 ಮತ್ತು 30.

ಹೆಜ್ಜೆ 5: ಹಲ್ಲು ನೋಡಿ

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಕಾರಿಗೆ ಟೈರೇ ಹಲ್ಲು. ಟೈರಿನ ಪಕ್ಕದಲ್ಲಿ ಉದ್ದನೆಯ ಮಾತ್ರೆಯಾಕಾರದ ಗುರುತಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ.

ಗೆಳೆಯನೊಬ್ಬನ ಜೊತೆ ನಾನು 2012ರ ಬಾಕ್ಸ್‌ಸ್ಟರ್ ನೋಡಲು ಹೋಗಿದ್ದೆ. ಮೀಟರಿನಲ್ಲಿ 14 ಸಾವಿರ ಕಿಲೋಮೀಟರ್. ಹೊಳೆಯುವ ಕಾರು. ಗೆಳೆಯ ಆಗಲೇ ಮನಸ್ಸಿನಲ್ಲಿ ಅದನ್ನು ಮನೆಗೆ ತಂದಾಗಿತ್ತು. ನಾನು ಮೊಬೈಲ್ ಟಾರ್ಚ್ ಹಿಡಿದು ಮುಂದಿನ ಟೈರಿನ ಪಕ್ಕ ಕೂತೆ. 3812. ಅಂದರೆ 2012ರ 38ನೇ ವಾರ. ಕಾರಿನ ಜೊತೆಗೇ ಬಂದ ಟೈರು. ಗುಳಿಗಳು ಇನ್ನೂ ಆಳವಾಗಿದ್ದವು. ಉಗುರಿನಿಂದ ಒತ್ತಿದರೆ ರಬ್ಬರ್ ಕಲ್ಲಿನಂತಿತ್ತು, ಬುಡದಲ್ಲಿ ಕೂದಲೆಳೆಯ ಬಿರುಕು. ಹಿಂದಿನವು 0917. ಅವುಗಳ ಮೇಲೆ, ಪೋರ್ಷೆ ಒಪ್ಪಿದ ಟೈರಿಗೆ ಇರುವ ಎನ್ ಗುರುತು ಇರಲಿಲ್ಲ. ಹಿಂದೆ ಒಂದು ಜಾತಿ, ಮುಂದೆ ಇನ್ನೊಂದು ಜಾತಿ. ಟೈರಿನಲ್ಲಿ ದುಡ್ಡು ಉಳಿಸಿದವರು ಎಂಜಿನ್ ಆಯಿಲ್‌ನಲ್ಲಿ ಉಳಿಸದೇ ಇರುತ್ತಾರೆಯೇ? ಸರ್ವೀಸ್ ಪುಸ್ತಕ ಕೇಳಿದೆವು. ನಾಲ್ಕು ವರ್ಷ ಒಂದು ಮುದ್ರೆಯೂ ಇರಲಿಲ್ಲ. ಗೆಳೆಯ ಬೇಜಾರಿನಲ್ಲೇ ಎದ್ದು ಬಂದ. ಕಡಿಮೆ ಓಡಿದೆ ಎಂದರೆ ಚೆನ್ನಾಗಿ ಇಟ್ಟಿದ್ದಾರೆ ಎಂದಲ್ಲ. ನಿಂತೇ ಇರುವ ಕಾರಿನಲ್ಲಿ ಆಯಿಲ್ ಸೀಲ್ ಒಣಗುತ್ತವೆ, ಬ್ಯಾಟರಿ ಸಾಯುತ್ತದೆ.

ಇದಾದ ಮೇಲೆ ಕಾರನ್ನು ಆ ಬ್ರ್ಯಾಂಡ್ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಮಾರುವವರ ಮೆಕ್ಯಾನಿಕ್ ಬೇಡ, ಖರ್ಚು ನಿಮ್ಮದೇ ಇರಲಿ. ಪೋರ್ಷೆ ಆದರೆ ಓವರ್ ರೆವ್ ರಿಪೋರ್ಟ್ ತೆಗೆಸಿ. ಮಿತಿ ಮೀರಿ ಎಂಜಿನ್ ಎಷ್ಟು ಸಲ ತಿರುಗಿದೆ ಎಂಬುದನ್ನು ಕಾರಿನ ಕಂಪ್ಯೂಟರ್ ಹಂತ ಹಂತವಾಗಿ ಬರೆದಿಟ್ಟಿರುತ್ತದೆ. ಕೈಗೇರಿನ ಕಾರಿನಲ್ಲಿ ಐದರ ಬದಲು ಮೂರಕ್ಕೆ ಹಾಕಿದ ತಪ್ಪು ಅಲ್ಲಿ ಸಿಕ್ಕಿಬೀಳುತ್ತದೆ. ಹೊಟ್ಟೆಯ ಕೆಳಗಿನ ಹಲಗೆಗಳಲ್ಲಿ ಉಜ್ಜಿದ ಗಾಯ ನೋಡಿ. ಪೇಂಟ್ ದಪ್ಪ ಅಳೆಯುವ ಮೀಟರ್ ಇಟ್ಟು ನೋಡಿದರೆ ಟಿಂಕರಿಂಗ್ ಆದ ಜಾಗ ಗೊತ್ತಾಗುತ್ತದೆ. ಕಾರ್ಬನ್ ಸೆರಾಮಿಕ್ ಬ್ರೇಕ್ ಇದ್ದರೆ ಡಿಸ್ಕಿನ ಅಂಚು ಒಡೆದಿದೆಯೇ ನೋಡಲೇಬೇಕು. ಆ ಡಿಸ್ಕ್‌ಗಳನ್ನು ಬದಲಿಸುವ ದುಡ್ಡಿಗೆ ಒಂದು ಸಣ್ಣ ಕಾರೇ ಬರುತ್ತದೆ.

ಹೆಜ್ಜೆ 6: ಇನ್ಶೂರೆನ್ಸ್‌ನ ಐಡಿವಿ

ಕಾರು ಕಳುವಾದರೆ ಅಥವಾ ಪೂರ್ತಿ ನಜ್ಜುಗುಜ್ಜಾದರೆ ಸಿಗುವ ಮೊತ್ತ ಐಡಿವಿ. ಇದರ ಸವಕಳಿಗೆ ಒಂದು ಪಟ್ಟಿ ಇದೆ. ಆರು ತಿಂಗಳವರೆಗೆ 5 ಪರ್ಸೆಂಟ್, ಅಲ್ಲಿಂದ ಒಂದು ವರ್ಷದವರೆಗೆ 15, ಎರಡನೇ ವರ್ಷ 20, ಮೂರನೇ ವರ್ಷ 30, ನಾಲ್ಕಕ್ಕೆ 40, ಐದಕ್ಕೆ 50. ಐದು ವರ್ಷ ದಾಟಿದರೆ ಕಂಪನಿ ಮತ್ತು ನೀವು ಮಾತಾಡಿ ಒಪ್ಪಿಕೊಳ್ಳುವುದು. ಪ್ರೀಮಿಯಂ ಉಳಿಯುತ್ತದೆ ಎಂದು ಏಜೆಂಟ್ ಕಡಿಮೆ ಐಡಿವಿ ಹಾಕಿದರೆ ಬೇಡ ಅನ್ನಿ. ಯಾಕೆಂದರೆ ರಿಪೇರಿ ಖರ್ಚು ಐಡಿವಿಯ 75 ಪರ್ಸೆಂಟ್ ದಾಟಿದರೆ ಕಾರನ್ನು ಟೋಟಲ್ ಲಾಸ್ ಎಂದು ಬರೆಯುತ್ತಾರೆ. ಬಿಡಿಭಾಗಗಳು ಇಷ್ಟು ದುಬಾರಿ ಇರುವಾಗ, ಒಂದು ಬಂಪರ್, ಎರಡು ಹೆಡ್‌ಲೈಟ್, ರೇಡಿಯೇಟರ್ ಹೋದರೆ ಸಾಕು, ಓಡುವ ಕಾರು ಗುಜರಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳ ಕ್ಲೇಮಿನಲ್ಲಿ ಅರ್ಧ ಹಣ ನಿಮ್ಮ ಕೈಯಿಂದಲೇ ಹೋಗುತ್ತದೆ. ಇಷ್ಟು ಹಳೆಯ ಕಾರಿಗೆ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದ ವಿಮೆ) ಕೊಡುತ್ತಾರೆಯೇ ಎಂದು ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ.

ಹೆಜ್ಜೆ 7: ಬೆಲೆ ಮಾತಾಡಿ

ಈಗ ಒಂದು ಹಾಳೆ ತಗೊಳ್ಳಿ. ಮೂರು ವರ್ಷದ ಮೇಲೆ ಈ ಕಾರಿಗೆ ಬರಬಹುದಾದ ಬೆಲೆ ಬರೆಯಿರಿ. ಇದೇ ಮಾಡೆಲ್‌ನ, ಇದಕ್ಕಿಂತ ಮೂರು ವರ್ಷ ಹಳೆಯ ಕಾರು ಇವತ್ತು ಎಷ್ಟಕ್ಕೆ ಕೈ ಬದಲಾಗುತ್ತಿದೆ ಎಂಬುದೇ ಅದಕ್ಕೆ ಆಧಾರ. ಜಾಹೀರಾತಿನಲ್ಲಿ ಹಾಕಿದ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ. ಆಮೇಲೆ ಎಷ್ಟು ನಷ್ಟ ತಡೆದುಕೊಳ್ಳಬಲ್ಲಿರಿ ಎಂದು ನಿಜವಾಗಿ ಯೋಚಿಸಿ, ಅದನ್ನು ಸೇರಿಸಿ. ತಕ್ಷಣ ಬೇಕಾಗುವ ಟೈರ್, ಸರ್ವೀಸ್, ತೆರಿಗೆ ಕಳೆಯಿರಿ. ಉಳಿದಿದ್ದೇ ನೀವು ಹೇಳಬೇಕಾದ ಬೆಲೆ. ಮಾರುವವರು ಅದಕ್ಕೆ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಗಿರಾಕಿ ಕಡಿಮೆ ಇರುವ ಮಾರುಕಟ್ಟೆ ಇದು, ಎರಡು ತಿಂಗಳಿಗೆ ಅವರೇ ಫೋನ್ ಮಾಡುವುದೂ ಉಂಟು.

ಕಾರು ಮನೆಗೆ ಬಂದ ದಿನವೇ ಒಂದು ಫೈಲ್ ಮಾಡಿ. ಬಿಲ್ ಆಫ್ ಎಂಟ್ರಿ ಪ್ರತಿ, ತೆರಿಗೆ ರಸೀದಿ, ಲಿಫ್ಟ್ ಮೇಲೆ ನೋಡಿಸಿದ ರಿಪೋರ್ಟ್, ಎರಡನೇ ಕೀ ಇಟ್ಟ ಕವರ್, ಆಮೇಲಿನ ಒಂದೊಂದು ಆಯಿಲ್ ಬಿಲ್ ಎಲ್ಲವೂ ದಿನಾಂಕದ ಸಾಲಿನಲ್ಲಿ ಇರಲಿ. ಮುಂದೊಂದು ದಿನ ನಿಮ್ಮ ಕಾರು ನೋಡಲು ಬರುವವರೂ ಟಾರ್ಚ್ ಹಿಡಿದು ಟೈರಿನ ಪಕ್ಕ ಕೂರುತ್ತಾರೆ. ಎದ್ದ ಮೇಲೆ ಕೈ ಚಾಚುವುದು ಆ ಫೈಲಿಗೆ.