ಆಳು ಬಿಡಿಸುವ ಮುಂಚೆ ದಿನ ಹಂಚಿ: ಆರ್ಡರ್ ಇಳಿದಾಗ ಸಣ್ಣ ಶೆಡ್ಡಿನ ಲೆಕ್ಕ

ಹುಬ್ಬಳ್ಳಿ-ಧಾರವಾಡದ ಗೋಕುಲ ರಸ್ತೆ, ತಾರಿಹಾಳ, ಬೇಲೂರಿನ ವಾಲ್ವ್ ಶೆಡ್ಡುಗಳಲ್ಲಿ ಆರ್ಡರ್ ಕುಸಿದಾಗ ಮಾಲೀಕರು ಮೊದಲು ಕೈ ಹಾಕುವುದು ಆಳಿನ ಪಟ್ಟಿಗೆ. ಇದು ಅಗ್ಗದ ದಾರಿಯಲ್ಲ. ಕೈ ಕುದುರಿದ ಟರ್ನರ್ (ಲೇತ್ ನಡೆಸುವವ) ಒಮ್ಮೆ ಪುಣೆಗೆ ಹೋದರೆ ಆರ್ಡರ್ ಬಂತೆಂದು ವಾಪಸು ಬರುವುದಿಲ್ಲ.

ಕೆಲಸವನ್ನು ಹಾಜರಿಯಲ್ಲಿ ಅಳೆಯಿರಿ. 12 ಮಂದಿ ವಾರಕ್ಕೆ 6 ದಿನ ಬಂದರೆ 72 ಹಾಜರಿ. ಕೈಯಲ್ಲಿರುವ ಕೆಲಸ 48 ಹಾಜರಿಯಷ್ಟೇ ಎಂದಾದರೆ 4 ಮಂದಿಯನ್ನು ಬಿಡಿಸಬೇಕು, ಇಲ್ಲವೇ 12 ಮಂದಿಗೂ 4 ದಿನ ಕೊಡಬೇಕು. ಎರಡನೆಯದನ್ನೇ ಆರಿಸಿ. ಆದರೆ 3 ದಿನಕ್ಕೆ ಇಳಿಸುವಾಗ ಎಚ್ಚರ: ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯಿಲೆ ಭತ್ಯೆ ಸಿಗಲು ಆರು ತಿಂಗಳ ವಂತಿಗೆ ಅವಧಿಯಲ್ಲಿ (ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್) 78 ದಿನದ ವಂತಿಗೆ ಬೇಕು. ವಾರಕ್ಕೆ 3 ದಿನದಂತೆ 26 ವಾರಕ್ಕೆ ಸರಿಯಾಗಿ 78. ಉಳವಿ ಜಾತ್ರೆಗೆಂದು ಒಂದು ದಿನ ತಪ್ಪಿಸಿದರೂ 77. ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಆದ ಕೊರತೆಯ ಬಿಸಿ ತಟ್ಟುವುದು ಮುಂದಿನ ಜನವರಿ–ಜೂನ್‌ನಲ್ಲಿ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ತಿಂಗಳಿಗೆ 15 ಹಾಜರಿಗಿಂತ ಕೆಳಗೆ ಹೋಗಬೇಡಿ.

ವಾರಪಟ್ಟಿ ಬರೆಯುವಾಗ ಎಲ್ಲರಿಗೂ ಒಂದೇ ದಿನ ಸೂಟಿ ಕೊಟ್ಟರೆ ಕಂಪ್ರೆಸರ್ ಪೂರ್ತಿ ಬಂದ್ ಮಾಡಬಹುದು. ಆದರೆ ಸೋಮವಾರ ಟರ್ನಿಂಗ್ ಮುಗಿಯದೆ ಲ್ಯಾಪಿಂಗ್‌ನವರಿಗೆ (ಉಜ್ಜಿ ನುಣುಪು ಮಾಡುವವರಿಗೆ), ಜೋಡಣೆಯವರಿಗೆ ಕೆಲಸವಿಲ್ಲ. ಟರ್ನರ್‌ಗಳು ಸೋಮವಾರದಿಂದ ಗುರುವಾರ, ಜೋಡಣೆ ಮತ್ತು ಟೆಸ್ಟಿಂಗ್‌ನವರು ಬುಧವಾರದಿಂದ ಶನಿವಾರ ಎಂದರೆ ನಡುವೆ ಎರಡು ದಿನ ಇಬ್ಬರೂ ಸಿಗುತ್ತಾರೆ. ಹೆಸ್ಕಾಂ ಕರೆಂಟ್ ಬಿಲ್ಲಿನ ನಿಗದಿತ ಶುಲ್ಕ ಮಾತ್ರ ಮಷಿನ್ ನಿಂತರೂ ನಿಲ್ಲುವುದಿಲ್ಲ, ಅದನ್ನು ಉಳಿತಾಯದಲ್ಲಿ ಹಿಡಿಯಬೇಡಿ.

ಪಗಾರದ ಮಾತು. 50 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ, ಒಂದು ವರ್ಷ ಸೇವೆ (240 ದಿನ) ಮುಗಿಸಿದವರಿಗೆ ಲೇಆಫ್ (ಪಟ್ಟಿಯಲ್ಲಿ ಹೆಸರಿದ್ದೂ ಮಾಲೀಕರು ಕೆಲಸ ಕೊಡಲಾಗದ) ದಿನಕ್ಕೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಲೇಬೇಕು. ಅದಕ್ಕಿಂತ ಸಣ್ಣ ಶೆಡ್ಡಿಗೆ ಈ ಕಡ್ಡಾಯವಿಲ್ಲ, ಆದರೂ ಇದೇ ಲೆಕ್ಕ ಹಿಡಿದರೆ ಜನ ಉಳಿಯುತ್ತಾರೆ: ದಿನಕ್ಕೆ 600 ರೂಪಾಯಿಯವರಿಗೆ ನಾಲ್ಕು ದಿನದ 2,400, ಎರಡು ದಿನದ ಅರ್ಧ 600, ಒಟ್ಟು 3,000.

ಲೇಆಫ್‌ನಲ್ಲಿ ಕೆಲಸಗಾರರು ಹೆಚ್ಚಾಗಿ ಸೋಲುವುದು ಹಾಜರಿಯಲ್ಲಿ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಗೇಟಿಗೆ ಬಂದು ಹಾಜರಿ ಹಾಕದಿದ್ದರೆ ಪರಿಹಾರ ತಪ್ಪುತ್ತದೆ. ಬಂದವರಿಗೆ ಎರಡು ತಾಸಿನೊಳಗೆ ಕೆಲಸ ಕೊಡದಿದ್ದರೆ ಆ ದಿನ ಲೇಆಫ್. ಆದರೆ ಕುಂದಗೋಳದಿಂದ ದಿನಾ ಬಸ್ಸಿಗೆ ಬಂದು ಸಹಿ ಹಾಕಿ ಹೋಗುವುದಕ್ಕೆ ಅರ್ಥವಿಲ್ಲ. ಆದ್ದರಿಂದ ದಿನ ಹಂಚುವಾಗ ಮಾಲೀಕರು, ಕೆಲಸಗಾರರು ಬರೆದುಕೊಳ್ಳುವ ಒಪ್ಪಂದದಲ್ಲಿ ಎರಡು ಸಾಲು ಸೇರಿಸಿ: ಸೂಟಿಯ ದಿನ ಹಾಜರಿ ಬೇಕಿಲ್ಲ, ಅಂದು ಬೇರೆ ಕಡೆ ದುಡಿಯಲು ಅಡ್ಡಿಯಿಲ್ಲ. ಹೊಲದ ಕೆಲಸವಿರಲಿ, ಸುಗ್ಗಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹಮಾಲಿ ಇರಲಿ, ಬಿಡುವಿನ ದಿನಕ್ಕೆ ಕೂಲಿ ಹುಟ್ಟುತ್ತದೆ.

ಒಪ್ಪಂದ ಕನ್ನಡದಲ್ಲಿರಲಿ. ಶುರುವಾಗುವ ದಿನ, ಮುಗಿಯುವ ದಿನ, ವಾರದ ದಿನಗಳು, ಪಗಾರ ಇವಿಷ್ಟು ಸಾಕು. ಎಲ್ಲರ ಸಹಿ, ಎಲ್ಲರಿಗೂ ಒಂದೊಂದು ಪ್ರತಿ. ನಾಲ್ಕು ವಾರಕ್ಕಿಂತ ಹೆಚ್ಚು ಬರೆಯಬೇಡಿ, ಬೇಕಾದರೆ ಮತ್ತೆ ಬರೆಯಿರಿ. ಕೆಲಸಗಾರರೇ, ಇದರ ಜೊತೆಗೆ ರಾಜೀನಾಮೆ ಪತ್ರ ಇಟ್ಟರೆ ಅದಕ್ಕೆ ಮಾತ್ರ ಸಹಿ ಹಾಕಬೇಡಿ. ವರ್ಷ ತುಂಬಿದವರನ್ನು ಕೆಲಸ ಇಲ್ಲವೆಂದು ತೆಗೆದರೆ ಒಂದು ತಿಂಗಳ ನೋಟಿಸು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಸಲ್ಲಬೇಕು. ನೀವೇ ಬಿಟ್ಟಿರೆಂದಾದರೆ ಎರಡೂ ಇಲ್ಲ.

ಪಕ್ಕದ ಶೆಡ್ಡಿಗೆ ಆಳು ಕಳಿಸುವ ರೂಢಿ ಒಳ್ಳೆಯದೇ. ಆದರೆ ಅಲ್ಲಿ ಮಷಿನ್‌ಗೆ ಬೆರಳು ಸಿಕ್ಕಿದರೆ ಯಾರ ಆಳೆಂಬ ಜಗಳ ಹತ್ತುತ್ತದೆ. ಆ ದಿನದ ಹಾಜರಿ ಯಾರ ಪುಸ್ತಕದಲ್ಲಿ, ಇಎಸ್‌ಐ ಯಾರು ತುಂಬುತ್ತಾರೆ ಎಂಬುದನ್ನು ಕಳಿಸುವ ಮುಂಚೆ ಚೀಟಿಯಲ್ಲಿ ಬರೆಯಿರಿ.

ಇಷ್ಟಾದರೂ ಪಗಾರಕ್ಕೆ ದುಡ್ಡಿಲ್ಲವೆಂದರೆ ಕಾರಣ ಎಷ್ಟೋ ಸಲ ಉದ್ರಿ. ಸಣ್ಣ ಉದ್ದಿಮೆಯಿಂದ ಮಾಲು ಪಡೆದವರು ಬರಹದ ಕರಾರಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಯೆಂಬ ಸರಕಾರಿ ನೋಂದಣಿ) ಆಗಿರಬೇಕು, ನೋಂದಣಿಗೆ ಶುಲ್ಕವಿಲ್ಲ. ಪ್ರತಿ ಬಿಲ್ಲಿನ ಮೇಲೆ ಆ ನಂಬರ್ ಮತ್ತು ವಾಯಿದೆ ದಿನಾಂಕ ಅಚ್ಚಾಗಿರಲಿ.