ಮೇವ್ ರಾಣಿಯೊಳಗೆ ದೇವತೆಯನ್ನು ಹುಡುಕುವುದು ಹೇಗೆ

ಮೇವ್ ಅಂದರೆ ಐರ್ಲೆಂಡಿನ ಪಶ್ಚಿಮದ ಕೊನಾಕ್ಟ್ ನಾಡಿನ ರಾಣಿ, ಗೂಳಿಗಾಗಿ ನಡೆದ ಯುದ್ಧದ ಹಳೆಯ ಐರಿಷ್ ಕಥೆ ‘ತೊಯ್ನ್’ನ ಮುಖ್ಯ ಪಾತ್ರ. ಮೊದಲು ಹೆಸರು. ಹಳೆಯ ಐರಿಷ್ ಕಾಗುಣಿತ ನೋಡಿ ‘ಮೆಡ್ಬ್’ ಅಂತ ಓದಬೇಡಿ. ‘ಮೇವ್’ ಅನ್ನಿ, ಸಾಕು. ಅರ್ಥ ‘ಅಮಲೇರಿಸುವವಳು’. ಜೇನಿನ ಮದ್ಯಕ್ಕೆ ಅಲ್ಲಿದ್ದ ಪದಕ್ಕೂ ನಾವು ಬಳಸುವ ‘ಮಧು’ಗೂ ಬೇರು ಒಂದೇ. ಇದು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

‘ತೊಯ್ನ್’ ಓದುವಾಗ ಯುದ್ಧಕ್ಕೆ ಹಾರಬೇಡಿ, ಹಾಸಿಗೆಯಿಂದ ಶುರು ಮಾಡಿ. ಕೊನಾಕ್ಟ್ ನಾಡಿನ ಕ್ರುವಾಹನ್ ಕೋಟೆಯಲ್ಲಿ ಮೇವ್ ಮತ್ತು ಗಂಡ ಐಲಿಲ್ ಮಲಗಿಕೊಂಡು ಮಾತಾಡುತ್ತಿದ್ದಾರೆ. ನನ್ನನ್ನು ಕಟ್ಟಿಕೊಂಡ ಮೇಲೆ ನಿನ್ನ ಸ್ಥಿತಿ ಸುಧಾರಿಸಿತು ನೋಡು ಅಂತಾನೆ ಅವನು. ಅವಳು ಬಿಡ್ತಾಳಾ? ಬಕೆಟು, ಕಬ್ಬಿಣದ ಪಾತ್ರೆ, ಉಂಗುರ, ಬಟ್ಟೆ, ಕುರಿ, ಕುದುರೆ, ಹಂದಿ ಎಲ್ಲವನ್ನೂ ತರಿಸಿ ಲೆಕ್ಕ ಹಾಕುತ್ತಾರೆ. ಎಲ್ಲ ಸರಿಸಮ. ಒಂದು ಬಿಳಿ ಕೊಂಬಿನ ಗೂಳಿ ಮಾತ್ರ ಅವನ ಕಡೆ ಜಾಸ್ತಿ, ಅದೂ ಅವಳ ಹಸುವಿಗೇ ಹುಟ್ಟಿದ್ದು, ಹೆಂಗಸಿನ ಸೊತ್ತಾಗಿರಲು ಒಪ್ಪದೆ ಅವನ ಮಂದೆ ಸೇರಿದ್ದು! ಅದಕ್ಕೆ ಸಮನಾದ, ಕೂಲಿ ಅನ್ನುವ ಪ್ರದೇಶದ ಕಂದು ಗೂಳಿಗಾಗಿ ಅವಳು ಉತ್ತರದ ಅಲ್ಸ್ಟರ್ ನಾಡಿನ ಮೇಲೆ ದಂಡೆತ್ತಿ ಹೋಗುತ್ತಾಳೆ. ನಿಮ್ಮ ಕೈಲಿರುವ ಅನುವಾದದಲ್ಲಿ ಈ ದೃಶ್ಯ ಇಲ್ಲದಿದ್ದರೆ ಪುಟ ಕಳೆದುಹೋಗಿದೆ ಅಂದುಕೊಳ್ಳಬೇಡಿ. ಇದು 12ನೇ ಶತಮಾನದ ‘ಲೆನ್‌ಸ್ಟರ್ ಪುಸ್ತಕ’ ಅನ್ನುವ ಹಸ್ತಪ್ರತಿಯ ಪಾಠದಲ್ಲಿದೆ, ಅದಕ್ಕಿಂತ ಹಳೆಯ ಪಾಠದಲ್ಲಿ ಇಲ್ಲ.

ಈಗ ದೇವತೆಗೆ ಬನ್ನಿ. ಹಳೆಯ ಐರಿಷ್ ಕಥೆಗಳಲ್ಲಿ ರಾಜನಾಗುವುದು ಅಂದರೆ ನೆಲದೊಡತಿಯನ್ನು ಮದುವೆಯಾಗುವುದು. ಅವಳು ಕುಡಿಯಲು ಕೊಟ್ಟರೆ ರಾಜ, ಇಲ್ಲದಿದ್ದರೆ ಇಲ್ಲ. ಇದನ್ನು ಬಿಡಿಯಾಗಿ ನೋಡಬೇಕಾದರೆ ಐರಿಷ್ ಕಥೆಗಳ ರಾಜ ನಿಯಾಲ್‌ನ ಕಥೆ ಓದಿ. ಬಾವಿ ಕಾಯುವ ಕುರೂಪಿ ಮುದುಕಿ ನೀರು ಬೇಕಾದರೆ ನನಗೊಂದು ಮುತ್ತಿಡು ಅನ್ನುತ್ತಾಳೆ. ಅಣ್ಣಂದಿರು ಹಿಂಜರಿಯುತ್ತಾರೆ, ನಿಯಾಲ್ ತಬ್ಬಿಕೊಳ್ಳುತ್ತಾನೆ. ಅವಳು ಚೆಲುವೆಯಾಗಿ ‘ನಾನೇ ರಾಜ್ಯದ ಒಡೆತನ’ ಅನ್ನುತ್ತಾಳೆ.

ಇದನ್ನು ಪಕ್ಕದಲ್ಲಿಟ್ಟುಕೊಂಡು ಮೇವ್ ಗಂಡನಿಗೆ ಹಾಕುವ ಷರತ್ತುಗಳನ್ನು ಮತ್ತೆ ಓದಿ: ಜಿಪುಣತನ ಇರಬಾರದು, ಭಯ ಇರಬಾರದು, ಹೊಟ್ಟೆಕಿಚ್ಚು ಇರಬಾರದು. ಮೊದಲ ಸಲ ಓದಿದಾಗ ಜೋರಿನ ಹೆಂಡತಿಯ ಮಾತು ಅನಿಸುತ್ತದೆ ಅಲ್ವಾ? ಆದರೆ ಇವು ಒಬ್ಬ ರಾಜನಿಗೂ ಇರಬಾರದ ಗುಣಗಳೇ. ಒಬ್ಬನ ನೆರಳಲ್ಲಿ ಇನ್ನೊಬ್ಬ ಇಲ್ಲದೆ ತಾನು ಎಂದೂ ಇರಲಿಲ್ಲ ಅಂತಲೂ ಅವಳೇ ಹೇಳುತ್ತಾಳೆ. ರಾಜರು ಹೋಗುತ್ತಾರೆ, ಬರುತ್ತಾರೆ, ನೆಲ ಅಲ್ಲೇ ಇರುತ್ತದೆ. ಐರ್ಲೆಂಡಿನ ಪೂರ್ವದ ಲೆನ್‌ಸ್ಟರ್ ನಾಡಿನ ಕಡೆ ಮೇವ್ ಲೆಹ್‌ಡೆರ್ಗ್ ಅಂತ ಇನ್ನೊಬ್ಬಳಿದ್ದಾಳೆ, ಅವಳು ಒಬ್ಬರಾದ ಮೇಲೆ ಒಬ್ಬರಂತೆ ಒಂಬತ್ತು ರಾಜರ ಹೆಂಡತಿ. ಅಲ್ಲಂತೂ ಗುಟ್ಟೇ ಇಲ್ಲ.

ಇನ್ನು ಆ ‘ಮಧು’. ಅಲ್ಸ್ಟರಿನ ವೀರ ಕೂಹುಲಿನ್ ಜೊತೆ ಒಬ್ಬೊಬ್ಬರಾಗಿ ಕಾದಾಡಲು ವೀರರನ್ನು ಕಳಿಸುವಾಗ ಅವರಿಗೆ ಚೆನ್ನಾಗಿ ಕುಡಿಸಿ, ಮಗಳು ಫಿನ್ನವರ್‌ಳನ್ನು ಪಕ್ಕದಲ್ಲಿ ಕೂರಿಸಿ, ಅವಳನ್ನೇ ಮದುವೆ ಮಾಡಿಕೊಡುತ್ತೇವೆ ಅಂತ ಆಸೆ ಹುಟ್ಟಿಸುತ್ತಾರೆ. ಕೂಹುಲಿನ್‌ನ ಗೆಳೆಯ ಫೆರ್‌ಡಿಯಾ ಅವನ ಎದುರು ಕಾದಾಡಲು ಹೋದದ್ದೂ ಹೀಗೆಯೇ. ರಾಜ್ಯ ಕೊಡುತ್ತಿದ್ದ ಪಾನ ಇಲ್ಲಿ ಸಾವಿಗೆ ಕಳಿಸುತ್ತದೆ. ನನ್ನ ಮಟ್ಟಿಗೆ ದೇವತೆ ಅತಿ ಸ್ಪಷ್ಟವಾಗಿ ಕಾಣುವುದು ಇಲ್ಲೇ, ತಲೆಕೆಳಗಾಗಿ.

ಹಾಗಂತ ಪೂರ್ತಿ ದೇವತೆ ಮಾಡಿಬಿಡಬೇಡಿ. ಇದನ್ನೆಲ್ಲ ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು. ಹೆಣ್ಣುಕುದುರೆ ಮುಂದೆ ನಡೆದರೆ ಮಂದೆ ಹಾಳಾಗುತ್ತದೆ ಅಂತ ಕೊನೆಗೆ ಅವಳ ಪಡೆಯಲ್ಲೇ ಇದ್ದ ಫರ್ಗಸ್ ಬಾಯಲ್ಲಿ ಕೊಂಕು ಆಡಿಸಿದ್ದಾರೆ. ಅವಳ ಸಾವೂ ಹಾಗೆಯೇ: ಲಾಕ್ ರೀ ಸರೋವರದಲ್ಲಿ ಸ್ನಾನ ಮಾಡುವಾಗ, ಅವಳ ಕೈಯಲ್ಲಿ ಸತ್ತಿದ್ದ ಅವಳದೇ ಸೋದರಿಯ ಮಗ ಕವಣೆಯಲ್ಲಿ ಗಟ್ಟಿ ಚೀಸ್ ತುಂಡು ಬೀಸಿ ಹೊಡೆಯುತ್ತಾನೆ. ಚೀಸ್! ಇಂಥ ಕಡೆ ಸುಮ್ನೆ ನಕ್ಕು ಮುಂದೆ ಹೋಗಿ.

ಐರ್ಲೆಂಡಿಗೆ ಹೋದರೆ ರಾಸ್‌ಕಾಮನ್ ಕೌಂಟಿಯ ಟಲ್ಸ್ಕ್ ಹತ್ತಿರ ರಾಹ್‌ಕ್ರೋಗನ್ ನೋಡಿ, ಕ್ರುವಾಹನ್ ಅಂದರೆ ಅದೇ. ಅಲ್ಲಿನ ಗುಹೆಯ ಬಾಗಿಲ ಮೇಲಿನ ಕಲ್ಲಿನಲ್ಲಿ ‘ಮೆಡ್ವಿಯ ಮಗ ಫ್ರೇಕ್’ ಅನ್ನುವ ಬರಹವಿದೆ, ಓಗಮ್ ಎಂಬ ಹಳೆಯ ಐರಿಷ್ ಲಿಪಿಯಲ್ಲಿ; ‘ಮೆಡ್ವಿ’ ಮೇವ್ ಹೆಸರನ್ನೇ ನೆನಪಿಸುತ್ತದೆ. ಆಮೇಲೆ ಸ್ಲೈಗೋದ ನಾಕ್‌ನರೇ ಬೆಟ್ಟ, 327 ಮೀಟರ್. ತುದಿಯ ಕಲ್ಲುಗುಪ್ಪೆಯೊಳಗೆ ಮೇವ್ ಈಟಿ ಹಿಡಿದು ಅಲ್ಸ್ಟರ್ ಕಡೆ ಮುಖ ಮಾಡಿ ನಿಂತಿದ್ದಾಳೆ ಅಂತ ಜನ ಹೇಳುತ್ತಾರೆ. ಗುಪ್ಪೆ ಸುಮಾರು 5000 ವರ್ಷ ಹಳೆಯದು, ಇನ್ನೂ ಯಾರೂ ಅಗೆದು ನೋಡಿಲ್ಲ. ಅದರ ಮೇಲೆ ಹತ್ತಬೇಡಿ, ಕಲ್ಲು ಎತ್ತಿಕೊಂಡು ಬರಬೇಡಿ.