ಅರವತ್ತು ಡಾಲರಿನ ಸೈಕಲ್ಲಿನಲ್ಲಿ ಗಂಕ್ಸ್ ಬೆಟ್ಟ

ಕಳೆದ ಅಕ್ಟೋಬರಿನ ಒಂದು ಶನಿವಾರ. ಅವೋಸ್ಟಿಂಗ್ ಕೆರೆ ಕಡೆಯಿಂದ ಕ್ಯಾಸಲ್ ಪಾಯಿಂಟಿಗೆ ಹತ್ತುವ ಏರಿನಲ್ಲಿ ನನ್ನ ಭಾವಮೈದ ತನ್ನ ನಾಲ್ಕು ಸಾವಿರ ಡಾಲರಿನ ಕಾರ್ಬನ್ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ. ನಾನು ಸೀಟಿನ ಮೇಲೆ ಕೂತೇ ತುಳಿಯುತ್ತಿದ್ದೆ. ಇದನ್ನು ಬರೆಯೋದಕ್ಕೆ ಮುಖ್ಯ ಕಾರಣ ಅದೇ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನಿರೋದು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ, ಹಡ್ಸನ್ ನದಿಯ ಪೂರ್ವ ದಂಡೆ. ನದಿಯಾಚೆ, ನ್ಯೂ ಪಾಲ್ಟ್ಸ್ ಊರು ದಾಟಿದ ಮೇಲೆ ಶಾವಾಂಗಂಕ್ ಬೆಟ್ಟಸಾಲು. ಹೆಸರು ಹೇಳಲು ನಾಲಿಗೆ ಹೊರಳದೆ ಎಲ್ಲರೂ ಗಂಕ್ಸ್ ಅಂತಾರೆ. ಮೊಹಾಂಕ್ ಪ್ರಿಸರ್ವ್ ಅನ್ನೋ ರಕ್ಷಿತ ಕಾಡು, ಮಿನ್ನೆವಾಸ್ಕಾ ಅನ್ನೋ ಸರ್ಕಾರಿ ಪಾರ್ಕು ಎರಡೂ ಆ ಸಾಲಿನಲ್ಲೇ, ಬೆನ್ನಿಗೆ ಬೆನ್ನು ಹಚ್ಚಿಕೊಂಡಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಮೈಲಿ ಅಂತ ಅವಳಿ ಅಣ್ಣತಮ್ಮಂದಿರು ಇಲ್ಲಿ ಹೋಟೆಲ್ ಕಟ್ಟಿ, ಅತಿಥಿಗಳು ಸಾರೋಟಿನಲ್ಲಿ ಕೂತು ಬೆಟ್ಟ ನೋಡಲಿ ಅಂತ ಮೈಲಿಗಟ್ಟಲೆ ರಸ್ತೆ ಮಾಡಿಸಿದರು. ಮಿನ್ನೆವಾಸ್ಕಾದ ಎರಡು ಹೋಟೆಲುಗಳೂ ಸುಟ್ಟುಹೋದವು, ಒಂದು 1978ರಲ್ಲಿ, ಇನ್ನೊಂದು 1986ರಲ್ಲಿ. ರಸ್ತೆಗಳು ಉಳಿದವು. ಈಗ ಅಲ್ಲಿ ಕಾರಿಲ್ಲ, ಲಾರಿಯಿಲ್ಲ. ನಡೆಯುವವರು, ಕುದುರೆಯವರು, ನಮ್ಮಂಥ ಸೈಕಲ್‌ನವರು. ಕುದುರೆಗೆಂದು ಮಾಡಿದ್ದರಿಂದ ಏರು ಬಹುಪಾಲು ಹದವಾಗಿದೆ, ಆದರೆ ಮುಗಿಯೋದೇ ಇಲ್ಲ. ಹದ ತಪ್ಪಿದ ಕಡೆ ಮಾತ್ರ ಪೂರಾ ತಪ್ಪಿದೆ.

ಮೊದಲ ಎರಡು ಸಲ ಕಾರಿಗೆ ಸೈಕಲ್ ಕಟ್ಟಿಕೊಂಡೇ ಹೋದೆ. ಮಿನ್ನೆವಾಸ್ಕಾದಲ್ಲಿ ಕಾರಿಗೆ ಹತ್ತು ಡಾಲರ್. ಎಲೆ ಕೆಂಪಾಗುವ ಕಾಲದಲ್ಲಿ ಒಂಬತ್ತೂವರೆಗೆ ತಲುಪಿದರೆ ಜಾಗ ಭರ್ತಿ. ನಾನು ಬೆಳಗ್ಗೆ ದೋಸೆ ತಿಂದು ಹೊರಡುವವನು, ಎರಡು ಸಲವೂ ವಾಪಸ್. ಆಗಲೇ ತಲೆಗೆ ಬಂದದ್ದು, ಮನೆಯಿಂದಲೇ ಯಾಕೆ ತುಳಿಯಬಾರದು ಅಂತ. ಸುಟ್ಟುಹೋದ ಹಳೇ ರೈಲು ಸೇತುವೆಯನ್ನು 2009ರಲ್ಲಿ ಕಾಲುದಾರಿ ಮಾಡಿದ್ದಾರಲ್ಲ, ನೀರಿನಿಂದ 212 ಅಡಿ ಮೇಲೆ, ಅದರ ಮೇಲೆ ಹಡ್ಸನ್ ದಾಟಿದರೆ ಹಳೇ ರೈಲು ಹಾದಿ, ಆಮೇಲೆ ಹೆದ್ದಾರಿ ಪಕ್ಕದ ಸೈಕಲ್ ಹಾದಿ, ಹಾಗೇ ನ್ಯೂ ಪಾಲ್ಟ್ಸ್. ಅಲ್ಲಿಂದ ವಾಲ್‌ಕಿಲ್ ಹೊಳೆ ದಾಟಿದ ಕೂಡಲೇ ರಿವರ್-ಟು-ರಿಜ್ ಹಾದಿ, 2018ರಲ್ಲಿ ಶುರುವಾದದ್ದು, ಹೊಲಗಳ ನಡುವೆ ಸುತ್ತಿಕೊಂಡು ಬೆಟ್ಟದ ಬುಡಕ್ಕೆ ಬಿಡುತ್ತೆ. ನ್ಯೂ ಪಾಲ್ಟ್ಸ್ ಊರೊಳಗೆ ಮಾತ್ರ ಸ್ವಲ್ಪ ದೂರ ವಾಹನಗಳ ಜೊತೆ ಹೋಗಬೇಕು. ಹೋಗಿಬರಲು, ಮೇಲೆ ಒಂದು ಸುತ್ತು ಸೇರಿ, ನೂರು ಕಿಲೋಮೀಟರಿಗೆ ತುಸು ಕಮ್ಮಿ. ಹತ್ತೋದು ಒಟ್ಟು 1,400 ಮೀಟರ್ ಆದೀತು, ಫೋನು ಒಂದೊಂದು ಸಲ ಒಂದೊಂದು ಹೇಳುತ್ತೆ.

ಇದನ್ನು ಹೇಳಿದಾಗ ನಮ್ಮ ಭಾನುವಾರದ ಸೈಕಲ್ ಗುಂಪು ನಕ್ಕಿತು. ನನ್ನ ಹತ್ತಿರ ಇದ್ದದ್ದು ಯಾರ್ಡ್ ಸೇಲಿನಲ್ಲಿ, ಅಂದರೆ ಮನೆಯಂಗಳದಲ್ಲಿ ಹಳೇ ಸಾಮಾನು ಮಾರುವ ಕಡೆ, ಅರವತ್ತು ಡಾಲರಿಗೆ ಸಿಕ್ಕ ಟ್ರೆಕ್ ಕಂಪನಿಯ ಸೈಕಲ್. 1998ರ ಸುಮಾರಿನದು, ಸ್ಟೀಲ್ ಫ್ರೇಮು, 26 ಇಂಚಿನ ಚಕ್ರ, ಸಸ್ಪೆನ್ಶನ್ ಇಲ್ಲ. "ಭಾವ, ಅದನ್ನ ಗುಜರಿಗೆ ಹಾಕಿ, ಜಲ್ಲಿ ಹಾದಿಗೆ ಮಾಡಿದ ಒಂದು ಒಳ್ಳೇ ಗ್ರಾವೆಲ್ ಸೈಕಲ್ ತಗೊಳ್ಳಿ" ಅಂದ ಭಾವಮೈದ, ನ್ಯೂಜೆರ್ಸಿಯಿಂದ. ಒಂದು ಅಂಗಡಿಯ ಮೆಕ್ಯಾನಿಕ್ ಸೈಕಲ್ಲನ್ನು ಸ್ಟ್ಯಾಂಡಿಗೂ ಏರಿಸದೆ ತಲೆಯಾಡಿಸಿದ. ಸೀಟ್ ಪೋಸ್ಟ್, ಅಂದರೆ ಸೀಟು ಕೂರುವ ಕೊಳವೆ, ಫ್ರೇಮಿಗೆ ಕಚ್ಚಿಕೊಂಡಿದೆ, ಇನ್ನು ಬರೋಲ್ಲ ಅಂದ.

ಬಂತು. ವಾರ ಪೂರ್ತಿ ಎಣ್ಣೆ ಬಿಟ್ಟೆ, ಬರಲಿಲ್ಲ. ಸುತ್ತಿಗೆಯಲ್ಲಿ ತಟ್ಟಿದೆ, ಬರಲಿಲ್ಲ. ಕೊನೆಗೆ ಸೈಕಲ್ಲನ್ನು ತಲೆಕೆಳಗು ಮಾಡಿ, ಪೋಸ್ಟಿನ ತಲೆಯನ್ನು ಬೆಂಚ್ ವೈಸಿಗೆ ಕಚ್ಚಿಸಿ, ಇಡೀ ಫ್ರೇಮನ್ನೇ ಎರಡೂ ಕೈಯಲ್ಲಿ ಹಿಡಿದು ಒರಳುಗುಂಡು ತಿರುಗಿಸಿದ ಹಾಗೆ ತಿರುಗಿಸಿದೆ. 'ಕಿರ್' ಅಂತ ಒಂದು ಸದ್ದು, ಆಮೇಲೆ ಒಂದು ಕೂದಲೆಳೆಯಷ್ಟು ಅಲ್ಲಾಡಿತು. ಅಷ್ಟು ಸಾಕಾಯಿತು. ಹೊರಗೆ ಬಂದ ಪೋಸ್ಟಿನ ಮೇಲೆ ಬಿಳಿ ಪುಡಿ, ತಲೆಹೊಟ್ಟಿನ ಹಾಗೆ. ಪೋಸ್ಟ್ ಕಸಕ್ಕೆ ಹೋಯಿತು, ಫ್ರೇಮ್ ಉಳಿಯಿತು.

ಇನ್ನು ಹಣ ಹಾಳು ಮಾಡಿದ ಕತೆ. ಎಲ್ಲರ ಸೈಕಲ್ಲಿಗೂ ಬಾಗಿದ ಡ್ರಾಪ್ ಹ್ಯಾಂಡಲ್ ಇದೆಯಲ್ಲ, ನನಗೂ ಬೇಕು ಅನ್ನಿಸಿತು. ರೋಡ್ ಸೈಕಲ್ಲಿನ ಹಳೇ ಬ್ರೇಕ್ ಲಿವರ್, ಹ್ಯಾಂಡಲ್ ಎರಡೂ ಸೇರಿ ಸುಮಾರು 130 ಡಾಲರ್. ಕಟ್ಟಿದೆ. ನನ್ನ ಸೈಕಲ್ಲಿನ ವಿ-ಬ್ರೇಕು (ಎರಡು ತೋಳಿನಿಂದ ರಿಮ್ಮನ್ನು ಹಿಡಿಯುವಂಥದ್ದು), ರೋಡ್ ಲಿವರು ಒಂದಕ್ಕೊಂದು ಹೊಂದೋಲ್ಲ ಅಂತ ಗೊತ್ತಿದ್ದೂ ಮಾಡಿದೆ, ಅದು ದೊಡ್ಡಸ್ತಿಕೆ. ಲಿವರ್ ಎಳೆಯುವ ಕೇಬಲ್ ಕಮ್ಮಿ, ವಿ-ಬ್ರೇಕಿಗೆ ಬೇಕಾದದ್ದು ಜಾಸ್ತಿ. ಪ್ಯಾಡನ್ನು ರಿಮ್ಮಿಗೆ ಅಂಟಿಸಿದಷ್ಟು ಹತ್ತಿರ ಇಟ್ಟರೆ ಮಾತ್ರ ಹಿಡಿಯುತ್ತೆ. ಚಕ್ರ ಸ್ವಲ್ಪ ಓಲಾಡಿದರೂ ಉಜ್ಜುತ್ತೆ. ಬೆಟ್ಟದ ಮೇಲಿನಿಂದ ಇಳಿಯುವಾಗ ಲಿವರ್ ಹ್ಯಾಂಡಲಿಗೆ ತಾಗಿತು, ಸೈಕಲ್ ನಿಲ್ಲಲಿಲ್ಲ. ಎಡಗಡೆ ಪೊದೆಗೆ ನುಗ್ಗಿಸಿದೆ. ಅದು ಕಾಡು ಬ್ಲೂಬೆರ್ರಿ ಪೊದೆ, ಪುಣ್ಯ. ಬಲಗಡೆ ಆಗಿದ್ದರೆ ಈ ಲೇಖನ ಬೇರೆ ಯಾರಾದರೂ ಬರೆಯಬೇಕಿತ್ತು. ಲಿವರು ಹ್ಯಾಂಡಲು ಎರಡನ್ನೂ ನಲವತ್ತಕ್ಕೆ ಮಾರಿದೆ.

ಈಗಿರೋದು ಹಿಂದಕ್ಕೆ ಬಾಗಿದ ಹ್ಯಾಂಡಲ್, 35 ಡಾಲರ್, ಹಳೇ ಬ್ರೇಕ್ ಲಿವರು, ಹೆಬ್ಬೆರಳಲ್ಲಿ ಗೇರ್ ಬದಲಿಸುವ ಶಿಫ್ಟರು ಎಲ್ಲ ಅದರ ಮೇಲೇ ಕೂತಿವೆ. ನೋಡೋಕೆ ಸಾಗರ ಊರಿನಲ್ಲಿ ನಮ್ಮಪ್ಪ ಓಡಿಸುತ್ತಿದ್ದ ಅಟ್ಲಾಸ್ ಸೈಕಲ್ಲಿನ ಹ್ಯಾಂಡಲ್ಲೇ. ಬೆನ್ನು ನೇರ, ಮಣಿಕಟ್ಟು ನೋವಿಲ್ಲ. ಐದು ಗಂಟೆ ಕೂರುವವನಿಗೆ ಇದು ಬೇಕು, ರೇಸಿನ ಭಂಗಿ ಅಲ್ಲ.

ಎರಡನೇ ನಷ್ಟ ಟ್ಯೂಬ್‌ಲೆಸ್. ಹಳೇ ರಿಮ್ಮಿಗೆ ಟೇಪು ಸುತ್ತಿ, ತೂತು ಮುಚ್ಚುವ ಸೀಲೆಂಟ್ ದ್ರವ ಹುಯ್ದು, ಗಾಳಿ ಹೊಡೆದೆ. ಎರಡು ದಿನ ನಿಂತಿತು. ಮೂರನೇ ದಿನ ಗ್ಯಾರೇಜಿನಲ್ಲಿ ಪಟಾಕಿ ಹೊಡೆದ ಹಾಗೆ ಟಯರ್ ರಿಮ್ಮಿನಿಂದ ಹಾರಿತು. ಸೀಲೆಂಟ್ ಗೋಡೆ ಮೇಲೆ, ಕಾರಿನ ಮೇಲೆ, ಹೊಸ ಸೋನಾ ಮಸೂರಿ ಚೀಲದ ಮೇಲೆ. "ಏನ್ರೀ ಇದು, ಮೊಸರು ಚೆಲ್ಲಿದ ಹಾಗೆ!" ಅಂತ ಹೆಂಡತಿ ಓಡಿಬಂದಳು. 55 ಡಾಲರ್ ಅಲ್ಲಿಗೆ ಸಂದಾಯ. ಅಲ್ಲಿಂದ ಮಾಮೂಲಿ ಟ್ಯೂಬೇ, 2.1 ಇಂಚಿನ ಮೆತ್ತನೆ ಟಯರು, ಜೋಡಿಗೆ 90 ಚಿಲ್ಲರೆ. ಎಲ್ಲರೂ ಸೈಕಲ್ಲಿಗೆ ಖರ್ಚು ಮಾಡಿ ಟಯರಿನಲ್ಲಿ ಉಳಿಸುತ್ತಾರೆ, ನಾನು ತಿರುವುಮುರುವು ಮಾಡಿದೆ.

ಗಾಳಿ ಎಷ್ಟು ಅನ್ನೋದಕ್ಕೆ ಒಂದು ಬೇಸಿಗೆ ಹೋಯಿತು. 45 ಪಿಎಸ್‌ಐಯಿಂದ ಶುರುಮಾಡಿ ಎರಡೆರಡೇ ಇಳಿಸುತ್ತಾ ಬಂದೆ. ಇಲ್ಲಿನ ಹಾದಿಗೆ ಹಾಸಿರೋದು ಪುಡಿಗುಟ್ಟಿದ ಕರೀ ಶೇಲ್ ಕಲ್ಲು, ಒಣಗಿದ್ದಾಗ ರಾಗಿ ಹಿಟ್ಟಿನ ಮೇಲೆ ಹೋದ ಹಾಗೆ. ಗಾಳಿ ಜಾಸ್ತಿ ಇದ್ದರೆ ಸೈಕಲ್ ಕುಣಿಯುತ್ತೆ, ಕಮ್ಮಿ ಇದ್ದರೆ ತೇಲುತ್ತೆ. 20ಕ್ಕೆ ಇಳಿಸಿದ ದಿನ, ನೀರು ಹರಿಯಲು ಅಡ್ಡ ತೋಡಿದ ಕಾಲುವೆಯೊಂದರಲ್ಲಿ ರಿಮ್ ಕಲ್ಲಿಗೆ ಬಡಿದು ಟ್ಯೂಬಿಗೆ ಎರಡು ತೂತು, ಹಾವು ಕಚ್ಚಿದ ಹಾಗೆ. ಈಗ ಹಿಂದಿನ ಚಕ್ರಕ್ಕೆ 32. ನನ್ನ ತೂಕ 74 ಕಿಲೋ, ಅದಕ್ಕೆ ಸರಿಯಾಗಿ. ಮುಂದಿನ ಚಕ್ರದ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ, ಒಂದು ಬೇಸಿಗೆ ನೀವೂ ಕಳೆಯಿರಿ.

ನಿಜವಾದ ಗೆಲುವು ಗೇರಿನದು. ಹಳೇ ಸೈಕಲ್ಲಿಗೆ ಮುಂದೆ, ಪೆಡಲಿನ ಬಳಿ, ಮೂರು ಚೈನ್‌ರಿಂಗು ಅನ್ನೋ ಹಲ್ಲುಚಕ್ರ, 42-32-22 ಹಲ್ಲಿನವು. ಈಗ ಇದನ್ನು ಮಾಡುವವರು ಕಮ್ಮಿ, ಮುಂದೆ ಒಂದೇ ರಿಂಗು ಅನ್ನೋದು ಫ್ಯಾಷನ್ನು. ಭಾವಮೈದನ ಸೈಕಲ್ಲಿನಲ್ಲಿ ಮುಂದೆ 40, ಹಿಂದಿನ ದೊಡ್ಡ ಹಲ್ಲುಚಕ್ರ 42. ಅಂದರೆ ಎಷ್ಟೇ ಹಗುರ ಗೇರಿಗೆ ಹಾಕಿದರೂ ಒಂದು ಸುತ್ತು ತುಳಿದಾಗ ಸೈಕಲ್ ಎರಡು ಮೀಟರ್ ಮುಂದೆ ಹೋಗಲೇಬೇಕು. ನನ್ನದರಲ್ಲಿ ಮುಂದೆ 22, ಹಿಂದೆ 28, ಚಕ್ರವೂ ಚಿಕ್ಕದು, ಸುತ್ತಿಗೆ ಒಂದೂವರೆ ಮೀಟರಿಗೆ ತುಸು ಜಾಸ್ತಿ, ಅಷ್ಟೇ. ಐವತ್ತೆರಡು ವರ್ಷದ ಮೊಣಕಾಲಿಗೆ ಆ ಅರ್ಧ ಮೀಟರೇ ದೇವರು. ನಿಧಾನ ಹೋಗುತ್ತೇನೆ ನಿಜ, ನಡೆಯುವವರು "ಹಾಯ್" ಅಂದು ಹವಾಮಾನ ವಿಚಾರಿಸುವಷ್ಟು ನಿಧಾನ. ಆದರೆ ಇಳಿಯೋಲ್ಲ. ಆ ಮೆಕ್ಯಾನಿಕ್ ಬದಲಾಯಿಸಬೇಕು ಅಂದದ್ದೇ ಈ ಮೂರು ರಿಂಗಿನ ಕ್ರ್ಯಾಂಕನ್ನು. ನಾನು ಬದಲಾಯಿಸಿದ್ದು ಬಾಟಮ್ ಬ್ರ್ಯಾಕೆಟ್ ಅನ್ನೋ ಪೆಡಲಿನ ಅಚ್ಚು, ಚೈನು, ಕ್ಯಾಸೆಟ್ಟು ಅನ್ನೋ ಹಿಂದಿನ ಹಲ್ಲುಚಕ್ರದ ಗೊಂಚಲು, ಕೇಬಲ್ಲು, ಬ್ರೇಕ್ ಪ್ಯಾಡು, ಸೀಟ್ ಪೋಸ್ಟು. ಸೈಕಲ್, ಹ್ಯಾಂಡಲ್, ಟಯರು ಸೇರಿ ಮುನ್ನೂರು ಡಾಲರ್ ಚಿಲ್ಲರೆ. ಹಾಳಾದದ್ದು ಬೇರೆ, ಅದು 150ರ ಹತ್ತಿರ. ಹೆಂಡತಿಗೆ ಹೇಳಿರೋದು ಮೊದಲನೆಯದನ್ನು ಮಾತ್ರ.

ಚೈನಿನ ವಿಷಯ ಹೇಳಲೇಬೇಕು. ಶೇಲಿನ ಧೂಳು ಎಣ್ಣೆಗೆ ಅಂಟಿದರೆ ಕರೀ ಚಟ್ನಿ ಆಗುತ್ತೆ, ಚೈನನ್ನೇ ಅರೆಯುತ್ತೆ. ಹೊಲಿಗೆ ಯಂತ್ರದ ಎಣ್ಣೆ ಹಾಕಿ ನೋಡಿದೆ, ಇಪ್ಪತ್ತು ಕಿಲೋಮೀಟರಿಗೆ ಕಿರುಗುಟ್ಟಿತು. ಅಂಗಡಿಯಲ್ಲಿ ಉಪ್ಪಿನಕಾಯಿ, ಜಾಮ್ ಡಬ್ಬಿಗಳ ಸಾಲಿನಲ್ಲಿ ಪ್ಯಾರಾಫಿನ್ ಮೇಣ ಸಿಗುತ್ತೆ. ಅದನ್ನು ಕುದಿಯುವ ನೀರಿನ ಮೇಲೆ ಪಾತ್ರೆ ಇಟ್ಟು ಕರಗಿಸಿ, ತೊಳೆದು ಒಣಗಿಸಿದ ಚೈನನ್ನು ಅದ್ದೋದು. 300 ಕಿಲೋಮೀಟರ್ ಬರುತ್ತೆ. ಮೊದಲ ಸಲ ಉಪಯೋಗಿಸಿದ ಪಾತ್ರೆ ಸಾರಿನದು, ಆ ವಿಚಾರ ಇಲ್ಲಿಗೆ ಸಾಕು.

ಹೊಟ್ಟೆಗೂ ಪ್ರಯೋಗ ಆಗಿದೆ. ಬಾಟಲಿಯಲ್ಲಿ ಮಜ್ಜಿಗೆ ತಗೊಂಡು ಹೋದೆ, ಜುಲೈ ಬಿಸಿಲಿಗೆ ಹುಳಿತು, ಮುಚ್ಚಳ ತೆಗೆದಾಗ ಅಂಗಿಯೆಲ್ಲ ಒಗ್ಗರಣೆ. ಬೆಲ್ಲ, ನಿಂಬೆ, ಶುಂಠಿ, ಚಿಟಿಕೆ ಉಪ್ಪಿನ ಪಾನಕ ಮಾತ್ರ ಸೋತಿಲ್ಲ. ತಿನ್ನಲು ಕೋಡುಬಳೆ, ಹ್ಯಾಂಡಲ್ ಚೀಲದಲ್ಲಿ. ಮೂರು ಗಂಟೆ ಕುಲುಕಿದ ಮೇಲೆ ಪುಡಿಯಾಗಿರುತ್ತೆ, ಅಂಗೈಗೆ ಸುರಿದುಕೊಂಡು ಬಾಯಿಗೆ ಹಾಕಿದರಾಯಿತು.

ಹಾದಿಯ ಬಗ್ಗೆ. ಬೆಳಗ್ಗೆ ಏಳಕ್ಕೆ ಸೇತುವೆ ತೆರೆಯುತ್ತೆ, ಆಗಲೇ ಅಲ್ಲಿರಬೇಕು. ಬೆಟ್ಟದ ಬುಡದಿಂದ ಮೊಹಾಂಕ್ ಒಳಗೆ ಹತ್ತಲು ಹಲವು ಹಾದಿಗಳಿವೆ. ಕೆಲವು ಕಡೆ ಸೈಕಲ್ ಬಿಡೋಲ್ಲ, ಫಲಕ ನೋಡಿಕೊಳ್ಳಿ, ದಿನದ ಪಾಸನ್ನೋ ಸದಸ್ಯತ್ವವನ್ನೋ ಮಾಡಿಸಿಕೊಳ್ಳಿ. ನಾನು ಹತ್ತುವ ತಿರುವುಗಳ ಸರಣಿ ಹೇಳೋಲ್ಲ. ಹೇಳಿದರೆ ಮುಂದಿನ ವರ್ಷ ಅಲ್ಲೂ ಜಾತ್ರೆ. ಮೇಲೆ ಸೇರಿದರೆ ಅಂಡರ್‌ಕ್ಲಿಫ್ ಹಾದಿ. ಒಂದು ಬದಿಗೆ ಬಿಳಿ ಬಂಡೆಯ ಗೋಡೆ, ಅದರ ಮೇಲೆ ಹಗ್ಗ ಕಟ್ಟಿಕೊಂಡು ಹತ್ತುವವರು. ಅವರ ಸೊಂಟದ ಕೊಂಡಿಗಳು ಕಿಣಿಕಿಣಿ ಅನ್ನುತ್ತಿರುತ್ತವೆ, ಒಮ್ಮೊಮ್ಮೆ ಯಾವುದೋ ದನದ ಮಂದೆ ಮೇಲೆ ಹೋಗುತ್ತಿದೆ ಅನ್ನಿಸುತ್ತೆ. ಆ ಬಂಡೆಯಲ್ಲಿ ಬಿಳಿ ಬೆಣಚುಕಲ್ಲಿನ ಉಂಡೆಗಳು ಹುದುಗಿವೆ, ತೆಂಗಿನಕಾಯಿ ಚೂರು ಹಾಕಿದ ಮೈಸೂರು ಪಾಕಿನ ಹಾಗೆ, ಅಂಥದ್ದೊಂದು ಇದ್ದರೆ. ಹಿಂದೆ ಇದರಿಂದ ಬೀಸುವ ಕಲ್ಲು ಕಡಿದು ಮಾರುತ್ತಿದ್ದರು. ಅಲ್ಲಿಂದ ಟ್ರ್ಯಾಪ್ಸ್ ಹಾದಿ ಹಿಡಿದರೆ ಮಿನ್ನೆವಾಸ್ಕಾ.

ಮಳೆ ಬಂದ ಮರುದಿನ ಹೋಗಬೇಡಿ. ಚಕ್ರದ ಗೆರೆ ಬೀಳುತ್ತೆ, ಬೈಯಿಸಿಕೊಳ್ಳುತ್ತೀರಿ, ಬೈಯುವುದು ಸರಿಯೂ ಹೌದು. ಕುದುರೆ ಎದುರಾದರೆ ಇಳಿದು ನಿಂತು ಮಾತಾಡಿ. ಏನಾದರೂ ಮಾತಾಡಿ, ಮನುಷ್ಯರ ದನಿ ಕೇಳಿದರೆ ಅದಕ್ಕೆ ಸಮಾಧಾನ. ನಾನು ಕನ್ನಡದಲ್ಲೇ "ಬಾರಮ್ಮ, ಹೋಗು" ಅನ್ನುತ್ತೇನೆ, ಹೋಗುತ್ತೆ. ಹುಲ್ಲಿನಲ್ಲಿ ಮಾತ್ರ ಕೂರಬೇಡಿ, ಉಣುಗು ಹತ್ತುತ್ತೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯ ಕತೆ ಕೇಳುತ್ತಲೇ ಬೆಳೆದ ನಮಗೆ ಉಣುಗಿನ ಭಯ ಹೊಸದಲ್ಲ, ಇಲ್ಲಿನದು ಲೈಮ್ ರೋಗ ತರುತ್ತೆ, ಅಷ್ಟೇ ವ್ಯತ್ಯಾಸ. ಮನೆಗೆ ಬಂದ ಕೂಡಲೇ ಬಟ್ಟೆ ಡ್ರೈಯರಿಗೆ, ಮೈ ಕನ್ನಡಿ ಮುಂದೆ.

ಆ ಅಕ್ಟೋಬರಿನ ಶನಿವಾರ ಕ್ಯಾಸಲ್ ಪಾಯಿಂಟಿನಲ್ಲಿ ನಾನು ಎಂಟು ನಿಮಿಷ ಕಾದೆ. ಗಿಡ್ಡ ಪೈನ್ ಮರಗಳ ನಡುವೆ ಬಂಡೆ ಅಂಚಿನಲ್ಲಿ ಕೂತು, ಕೋಡುಬಳೆ ಪುಡಿ ತಿನ್ನುತ್ತಾ, ಆಚೆಯ ಬೆಟ್ಟ ನೋಡುತ್ತಾ. ಅವನು ಬಂದ, ಸೈಕಲ್ ಮಲಗಿಸಿದ, ಪಾನಕದ ಬಾಟಲಿ ಕಸಿದುಕೊಂಡು ಪೂರ್ತಿ ಕುಡಿದ. ಏನೂ ಹೇಳಲಿಲ್ಲ.

ಮೊನ್ನೆ ಫೋನ್ ಮಾಡಿದ್ದ. ಮಕ್ಕಳು, ಕೆಲಸ, ಅತ್ತೆಯ ಬಿಪಿ ಎಲ್ಲ ಮುಗಿದ ಮೇಲೆ, "ಭಾವ, ನಿಮ್ಮ ಕಡೆ ಯಾರ್ಡ್ ಸೇಲ್ ಯಾವಾಗ ಶುರುವಾಗುತ್ತೆ?" ಅಂದ.

ಜೂನಿನಲ್ಲಿ ಅಂದೆ. ಏಪ್ರಿಲ್ ಕೊನೆಗೇ ಶುರುವಾಗುತ್ತೆ.